ಇ.ಐ. ಮೇಕೆ ಚರ್ಮದಲ್ಲಿ ಎಂ-422ಎ ಜಾಕೆಟ್: ನನ್ನ ಅನುಭವ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ವಿಮಾನ ಚಾಲಕರು ತೊಡುತ್ತಿದ್ದ ಎಂ-422ಎ ಜಾಕೆಟ್ಟಿನ ಪ್ರತಿಕೃತಿಯನ್ನು ತಮಿಳುನಾಡಿನ ಇ.ಐ. (ಈಸ್ಟ್ ಇಂಡಿಯಾ, ಅಂದರೆ ತೊಗಟೆ ಮತ್ತು ಕಾಯಿಯ ಒಗರಿನಲ್ಲಿ ಹದಮಾಡಿದ) ಮೇಕೆ ಚರ್ಮದಲ್ಲಿ ಮಾಡುತ್ತೇನೆಂದಾಗ, ಈ ಕಸುಬಿನ ಗೆಳೆಯರಲ್ಲಿ ಹೆಚ್ಚಿನವರು ಅದು ಶೂ ಒಳಪದರಕ್ಕಾಗುವ ಮಾಲು, ಮೈಮೇಲೆ ಹಲಗೆಯಂತೆ ನಿಲ್ಲುತ್ತದೆ ಎಂದಿದ್ದರು. ಈಗ ಆ ಜಾಕೆಟ್ಟುಗಳು ಸಂಗ್ರಾಹಕರ ಕೈ ಸೇರಿವೆ. ಅವರಲ್ಲೊಬ್ಬರು ತಮ್ಮ ಬಳಿಯಿದ್ದ ಮೂಲ ಜಾಕೆಟ್ಟಿನ ಪಕ್ಕದಲ್ಲಿಟ್ಟು ಗ್ರೇನ್ (ಚರ್ಮದ ಮೇಲ್ಮೈಯ ವಿನ್ಯಾಸ) ಹೋಲಿಸಿ ನೋಡಿ, ಇನ್ನೊಂದಕ್ಕೆ ಮುಂಗಡ ಕಳಿಸಿದ್ದಾರೆ.

ಭೂಸೇನೆಯ ವಿಮಾನ ಚಾಲಕರ ಎ-2 ಮಾದರಿಯನ್ನು ನಾನು ಬಿಟ್ಟದ್ದು ಅದರ ಬೆನ್ನಿನ ಕಾರಣಕ್ಕೆ. 1931ರಲ್ಲಿ ಬಂದ ಆ ಜಾಕೆಟ್ಟಿನ ಬೆನ್ನು ನಡುಹೊಲಿಗೆಯಿಲ್ಲದ ಒಂದೇ ತುಂಡು. ಕುದುರೆ ಚರ್ಮದಲ್ಲಿ ಅದು ಸಲೀಸು, ಆದರೆ ನಾಲ್ಕೈದು ಚದರಡಿಯ ನಮ್ಮ ಮೇಕೆ ಚರ್ಮದಲ್ಲಿ ಗೀರಿಲ್ಲದ ಅಷ್ಟು ಜಾಗ ಸಿಗುವುದು ಅಪರೂಪ. ಎಂ-422ಎ ಮೂಲದಲ್ಲೇ ಮೇಕೆ ಚರ್ಮದ್ದು. ಬೆನ್ನಿನಲ್ಲಿ ತೋಳು ಚಾಚಿದಾಗ ಬಿಚ್ಚಿಕೊಳ್ಳುವ ಬೈ-ಸ್ವಿಂಗ್ ನೆರಿಗೆ, ಅಡ್ಡಕ್ಕೆ ಅರ್ಧ ಬೆಲ್ಟ್ ಇದ್ದು ಬೆನ್ನು ಹಲವು ತುಂಡುಗಳಲ್ಲಿ ಬರುವುದರಿಂದ ಸಣ್ಣ ಚರ್ಮಕ್ಕೆ ಹೇಳಿ ಮಾಡಿಸಿದಂತಿದೆ.

ಮೊದಲ ಲಾಟಿನಲ್ಲಿ ಮಾರುಕಟ್ಟೆಯ ಕ್ರೋಮ್ ಚರ್ಮ (ಕ್ರೋಮಿಯಂ ಲವಣದಲ್ಲಿ ಹದಮಾಡಿದ್ದು) ತಂದೆ. 0.7 ಮಿ.ಮೀ. ದಪ್ಪ, ಮೇಲೆ ಗ್ರೇನ್ ಮುಚ್ಚುವಂತೆ ಪಿಗ್ಮೆಂಟ್ ಬಳಿದದ್ದು. ಹೊಲಿದ ಮೇಲೆ ಅಂಗಡಿಯ ಬೈಕ್ ಜಾಕೆಟ್ಟೇ ಆಯಿತು. ಸುಮಾರು ₹30,000 ಅಲ್ಲಿಗೆ ಹೋಯಿತು. ಬಳಿಕ ಇ.ಐ. ಕ್ರಸ್ಟನ್ನು (ಹದವಾಗಿ ಒಣಗಿದ, ಇನ್ನೂ ಬಣ್ಣ ಹಾಕದ ಚರ್ಮ) ಇದ್ದಂತೆಯೇ ಬಣ್ಣ ಹಾಕಿಸಿ ಹೊಲಿದರೆ ಜೇಬಿನ ಮುಚ್ಚಳದ ಮೂಲೆಗಳು ಮಡಿಸುವಾಗಲೇ ಬಿರಿದವು. ಸೆಮಿ ಕ್ರೋಮ್ (ಇ.ಐ. ಚರ್ಮಕ್ಕೆ ಮತ್ತೆ ಕ್ರೋಮ್ ಹದ) ಮಾಡಿಸಿದಾಗ ಹದಗಾರರು ವಾಟಲ್ ತೊಗಟೆಯ ಸತ್ವವನ್ನೆಲ್ಲ ತೊಳೆದು ತೆಗೆದಿದ್ದರಿಂದ ಚರ್ಮ ಮೆದುವಾಯಿತು, ಆದರೆ ಕಸುವೇ ಉಳಿಯಲಿಲ್ಲ.

ಗೆದ್ದದ್ದು ನಡುದಾರಿಯಲ್ಲಿ. 1 ಮಿ.ಮೀ.ಗಿಂತ ಕೆಳಗೆ ಶೇವಿಂಗ್ ಮಾಡದ (ಹೆರೆದು ತೆಳುವಾಗಿಸದ) ದಪ್ಪ ಚರ್ಮಗಳನ್ನೇ ಆರಿಸಿ, ತೊಗಟೆಯ ಸತ್ವವನ್ನು ಬೊರಾಕ್ಸ್ ನೀರಿನಲ್ಲಿ ತೊಳೆಯುವ ಸ್ಟ್ರಿಪ್ಪಿಂಗನ್ನು ಅರ್ಧಕ್ಕೆ ನಿಲ್ಲಿಸಿ, ತೆಳುವಾಗಿ ಕ್ರೋಮ್ ಕೊಡಿಸಿ, ಗ್ರೇನ್ ಮುಚ್ಚದ ಅನಿಲೀನ್ ಬಣ್ಣ ಮಾತ್ರ ಹಾಕಿಸಿದೆ. ಬೊರಾಕ್ಸ್ ನೀರಿನಲ್ಲಿ ಎಷ್ಟು ಹೊತ್ತು ಬಿಡಬೇಕು, ಕೊನೆಗೆ ಯಾವ ಎಣ್ಣೆ ಉಣಿಸಬೇಕು ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಚರ್ಮ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಹೆಬ್ಬೆರಳಿನ ಮೇಲೆ ಮಡಚಿ ಒತ್ತಿ: ಮಡಿಕೆಯ ನೆತ್ತಿಯಲ್ಲಿ ಸಣ್ಣ ಸಣ್ಣ ಸುಕ್ಕೆದ್ದು ಬಣ್ಣ ಒಂದಿಷ್ಟು ತಿಳಿಯಾಗಬೇಕು, ಕೈಬಿಟ್ಟಾಗ ಸುಕ್ಕು ಮೆಲ್ಲಗೆ ಮಾಯವಾಗಬೇಕು. ಈ ಹದದಲ್ಲಿ ತೋಳಿನ ಮಡಿಕೆಗಳು ಕೆಲವೇ ವಾರಗಳಲ್ಲಿ ತಾವಾಗಿಯೇ ಮೂಡುತ್ತವೆ. ಕಲ್ಲು ಉಜ್ಜಿ ಹಳತು ಮಾಡುವ ಕೆಲಸವೇ ಇಲ್ಲ.

ಕತ್ತರಿಸಿದ ಅಂಚು ಬಿಳಿಚಾಗಿ ಕಾಣುವುದು ನನಗೆ ಹಿಡಿಸಲಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ಕಪ್ಪು ಬಣ್ಣಕ್ಕೆ ಬಳಸುವ, ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರನ್ನು ತುಂಡುಗಳ ಮೇಲೆ ಹಚ್ಚಿ ನೋಡಿದೆ. ಇ.ಐ. ಹದದಲ್ಲಿ ಅಳಲೆಕಾಯಿಯ ಒಗರು ಇರುವುದರಿಂದ ಕ್ಷಣದಲ್ಲೇ ಕಡುಗಪ್ಪಾಯಿತು. ಗಾಢವಾಗಿ ಹಚ್ಚಿದ ತುಂಡುಗಳು ಮಾತ್ರ ಕೆಲವು ತಿಂಗಳಲ್ಲಿ ಪೆಡಸಾದವು. ಈಗ ತುಂಬಾ ತೆಳುವಾಗಿಸಿ, ಅಂಚಿಗಷ್ಟೇ ಕುಂಚದಿಂದ ಸವರುತ್ತೇನೆ.

ಹೊಲಿಗೆಯಲ್ಲಿ ಇಂಚಿಗೆ ಎಂಟರಿಂದ ಒಂಬತ್ತು ಸ್ಟಿಚ್ ಸಾಕು; ಅದಕ್ಕಿಂತ ಒತ್ತೊತ್ತಾದರೆ ಸೂಜಿಯ ತೂತಿನ ಸಾಲಿನಲ್ಲೇ ಚರ್ಮ ಹರಿಯುತ್ತದೆ. ಶುದ್ಧ ಹತ್ತಿಯ ದಾರ ಬೈ-ಸ್ವಿಂಗ್ ನೆರಿಗೆಯ ಬುಡದಲ್ಲಿ ಕಿತ್ತುಹೋಗುತ್ತಿತ್ತು. ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ದಾರ ನೋಡಲು ಹಳೆಯದರಂತೆಯೇ ಇದ್ದು ಗಟ್ಟಿಯಾಗಿ ನಿಲ್ಲುತ್ತದೆ.

ಒಂದು ಜಾಕೆಟ್ಟಿಗೆ ನಷ್ಟವೂ ಸೇರಿ 45 ಚದರಡಿಯಷ್ಟು ಚರ್ಮ ಬೇಕು; ಹದದ ಕೂಲಿಯೊಂದಿಗೆ ಅದಕ್ಕೆ ₹7,000 ದಾಟುತ್ತದೆ. ಕತ್ತಿನ ಪಟ್ಟಿಗೆ ಮೌಟನ್ (ಕುರಿಯ ತುಪ್ಪಳ), ಮುಂಗೈ ಮತ್ತು ಸೊಂಟಕ್ಕೆ ಉಣ್ಣೆಯ ರಿಬ್ ಹೆಣಿಗೆ, ಹೊರದೇಶದ ಹಳೆ ಮಾದರಿಯ ಜಿಪ್ ಇವು ಸುಂಕವೂ ಸೇರಿ ಇನ್ನೊಂದು ₹7,000. ಕಟಿಂಗ್ ಮಾಸ್ಟರ್ ಮತ್ತು ಟೈಲರ್ ಕೂಲಿ ₹5,000ದ ಆಸುಪಾಸು. ನಾನು ₹42,000ಕ್ಕೆ ಕೊಡುತ್ತೇನೆ. ಜಿಪ್ಪಿನಲ್ಲಿ ಉಳಿಸಿದರೆ ಬೆಲೆ ಇಳಿಸಬಹುದೆಂದು ಹಲವರು ಹೇಳುತ್ತಾರೆ. ಆದರೆ ಸಂಗ್ರಾಹಕರು ಜಾಕೆಟ್ ಕೈಗೆತ್ತಿಕೊಂಡ ಕೂಡಲೇ ನೋಡುವುದು ಜಿಪ್ಪನ್ನೇ ಆದ್ದರಿಂದ, ಅದನ್ನು ಬದಲಿಸುವ ಯೋಚನೆ ನನಗಿಲ್ಲ.