ವಿಜಯಪುರದ ಬಿಸಿಲಲ್ಲಿ ಹವಳದ ಟ್ಯಾಂಕ್: ನೈಟ್ರೇಟ್, ಫಾಸ್ಫೇಟ್ ಹಿಡಿತಕ್ಕೆ ತಂದ ಬಗೆ

ಹವಳದ ಟ್ಯಾಂಕ್ ಅಂದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅದರಲ್ಲಿ ಮೀನಿನ ಹೊಲಸು, ಉಳಿದ ಊಟದಿಂದ ಹುಟ್ಟುವ ನೈಟ್ರೇಟ್ ಏರಿದರೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ಮೀನಿಗೆ ಊಟ ಜಾಸ್ತಿ ಹಾಕುತ್ತಿದ್ದೀರಿ, ಕಡಿಮೆ ಮಾಡಿ. ಮಾತು ನಿಜವೇ. ಆದರೆ ವಿಜಯಪುರದಲ್ಲಿ ಇನ್ನೊಂದು ಕಾರಣ ಇದೆ, ಅದು ಬಿಸಿಲು. ಬಿಸಿಲಿಗೂ ನೈಟ್ರೇಟಿಗೂ ಏನು ಸಂಬಂಧ ಅನ್ನಿಸಬಹುದು. ಮುಂದೆ ಲೆಕ್ಕ ಕೊಡುತ್ತೇನೆ.

ಮೊದಲು ಟ್ಯಾಂಕಿನ ವಿವರ. ನಾಲ್ಕು ಅಡಿ ಉದ್ದದ್ದು, ಕೆಳಗಿನ ಸಂಪ್ (ಫಿಲ್ಟರ್ ಸಾಮಾನು ಇಡುವ ಎರಡನೇ ತೊಟ್ಟಿ) ಸೇರಿ ಸುಮಾರು 250 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಸೀಗಡಿ, ಒಂದಷ್ಟು ಬಸವನಹುಳು. ಹವಳ ಅಂದರೆ ಎಲ್ಲವೂ ಮೆತ್ತನೆಯವು: ಮಶ್ರೂಮ್, ಜೋವಾಂತಿಡ್, ಒಂದು ದೊಡ್ಡ ಟೋಡ್‌ಸ್ಟೂಲ್ ಲೆದರ್. ಗಟ್ಟಿ ಹವಳ ಯಾಕಿಲ್ಲ ಅಂತ ನೋಡಲು ಬಂದವರು ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದರು. ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಕೂಡ ಅದರಲ್ಲಿವೆ. ನಮ್ಮ ಸಮುದ್ರದಿಂದ ಕಿತ್ತು ತಂದು ಕದ್ದು ಮಾರುವವರು ಇದ್ದಾರೆ, ಅವರ ಹತ್ತಿರ ನಾನು ಹೋಗುವುದಿಲ್ಲ. ಲೈವ್ ರಾಕ್ (ಬ್ಯಾಕ್ಟೀರಿಯಾ ಕೂತ ಸಮುದ್ರದ ಕಲ್ಲು) ಅಂತ ಮಾರುವುದೂ ಬಹಳಷ್ಟು ಸಲ ಸತ್ತ ಹವಳದ ಕಲ್ಲೇ. ಹಾಗಾಗಿ ನನ್ನಲ್ಲಿ ಸೆರಾಮಿಕ್ ಕಲ್ಲು ಮಾತ್ರ. ಅದರ ಮೇಲೆ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಕೂರಲು ಸಮಯ ಹಿಡಿಯುತ್ತದೆ, ಆದರೆ ಕೂರುತ್ತದೆ.

ಈಗ ಬಿಸಿಲಿನ ವಿಷಯ. ನಮ್ಮ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಆದರೆ ಗಾಳಿ ಒಣ. ಇದು ಹವಳ ಸಾಕುವವರಿಗೆ ಒಂದು ರೀತಿ ಅನುಕೂಲವೇ. ನೀರಿನ ಮೇಲೆ ಸಣ್ಣ 12 ವೋಲ್ಟ್ ಫ್ಯಾನ್ ಬಿಟ್ಟರೆ ನೀರು ಆವಿಯಾಗಿ ಟ್ಯಾಂಕ್ ಎರಡರಿಂದ ನಾಲ್ಕು ಡಿಗ್ರಿ ತಂಪಾಗುತ್ತದೆ. ಕರಾವಳಿಯ ಜಿಗುಟು ಸೆಕೆಯಲ್ಲಿ ಇಷ್ಟು ಇಳಿಯುವುದಿಲ್ಲ. ನೀರು ತಂಪು ಮಾಡುವ ದುಬಾರಿ ಚಿಲ್ಲರ್ ಯಂತ್ರ ಕೊಳ್ಳದೆ 27, 28 ಡಿಗ್ರಿಯಲ್ಲಿ ಬೇಸಿಗೆ ಕಳೆಯುತ್ತೇನೆ. ಒಂದು ಸೂಚನೆ: ಟ್ಯಾಂಕ್ ಇರುವ ಕೋಣೆಯಲ್ಲಿ ನೀರಿನ ಕೂಲರ್ ಹಾಕಬೇಡಿ. ಅದು ಗಾಳಿಗೆ ತೇವ ತುಂಬುತ್ತದೆ, ಆಮೇಲೆ ಫ್ಯಾನ್ ಎಷ್ಟು ತಿರುಗಿದರೂ ನೀರು ಆವಿಯಾಗುವುದು ಕಡಿಮೆ.

ಈ ತಂಪಿಗೆ ಬೆಲೆ ತೆರಬೇಕು. ಏಪ್ರಿಲ್, ಮೇನಲ್ಲಿ ದಿನಕ್ಕೆ ಐದು ಲೀಟರ್‌ವರೆಗೆ ನೀರು ಹಾರಿಹೋಗುತ್ತದೆ. ಹಾರುವುದು ಬರೀ ನೀರು. ಉಪ್ಪು, ನೈಟ್ರೇಟ್, ಫಾಸ್ಫೇಟ್ ಎಲ್ಲ ಒಳಗೇ ಉಳಿಯುತ್ತವೆ. ಹೋದಷ್ಟು ಸಿಹಿನೀರು ಮತ್ತೆ ತುಂಬಲೇಬೇಕು, ಇಲ್ಲದಿದ್ದರೆ ಉಪ್ಪಿನಂಶ ಏರುತ್ತದೆ. ತುಂಬುವ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್ ಇದೆ ಅಂದುಕೊಳ್ಳಿ. ಐದು ಲೀಟರಿಗೆ 25 ಮಿಲಿಗ್ರಾಂ. 250 ಲೀಟರಿನಲ್ಲಿ ಹಂಚಿದರೆ ದಿನಕ್ಕೆ 0.1, ತಿಂಗಳಿಗೆ 3. ಮೀನಿಗೆ ಒಂದು ಕಾಳೂ ಹಾಕದೆ ತಿಂಗಳಿಗೆ 3 ಪಿಪಿಎಂ (ಅಂದರೆ ಲೀಟರಿಗೆ 3 ಮಿಲಿಗ್ರಾಂ) ನೈಟ್ರೇಟ್ ಏರುವುದು ಹೀಗೆ. ಇಡೀ ಬೇಸಿಗೆ ಹೀಗೇ ನಡೆದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಕಡೆ ಬೋರ್ ನೀರಿನ ಸ್ಥಿತಿ ಗೊತ್ತಲ್ವಾ? ನಮ್ಮ ಮನೆಯ ಬೋರಿನದು ಟಿಡಿಎಸ್ ಮೀಟರಿನಲ್ಲಿ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) 1100ರ ಆಸುಪಾಸು. ಸುತ್ತ ಹೊಲ ಇದ್ದಲ್ಲಿ ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೂ ಇಳಿಯುತ್ತದೆ. ಅಡುಗೆಮನೆಯ ಆರ್‌ಒ ಮಷಿನ್ ಸಾಲದೇ ಅಂದರೆ, ಸಾಲದು. ಕುಡಿಯುವ ನೀರಿನ ಮಷಿನ್‌ಗಳಲ್ಲಿ ರುಚಿಗೆ ಅಂತ ಒಂದಿಷ್ಟು ಶುದ್ಧವಾಗದ ನೀರನ್ನು ವಾಪಸ್ ಸೇರಿಸುವ ಚಿಕ್ಕ ತಿರುಪು ಇರುತ್ತದೆ, ಕೆಲವದರಲ್ಲಿ ಖನಿಜ ಸೇರಿಸುವ ಡಬ್ಬಿಯೂ ಇರುತ್ತದೆ. ನಮಗೆ ಬೇಕಾದದ್ದು ಏನೂ ಇಲ್ಲದ ನೀರು. ಅದಕ್ಕೆ ನಾನು ಬೇರೆಯೇ ಒಂದು ಸಾಲು ಜೋಡಿಸಿದೆ: ಸೆಡಿಮೆಂಟ್ ಫಿಲ್ಟರ್, ಕಾರ್ಬನ್, ಬೂಸ್ಟರ್ ಪಂಪ್, ಆರ್‌ಒ ಮೆಂಬ್ರೇನ್, ಕೊನೆಗೆ ಉಳಿದ ಲವಣವನ್ನೂ ಹಿಡಿದುಬಿಡುವ ಡಿಐ ರೆಸಿನ್ ಕಾಳು. ಮೆಂಬ್ರೇನ್ ದಾಟಿದ ಮೇಲೆ ಬೋರ್ ನೀರು 45ರ ಹತ್ತಿರ ಇರುತ್ತದೆ, ರೆಸಿನ್ ದಾಟಿದ ಮೇಲೆ ಸೊನ್ನೆ. ಆದರೆ 45 ಇರುವ ನೀರು ರೆಸಿನ್ನನ್ನು ಬೇಗ ತಿಂದುಹಾಕುತ್ತದೆ. ನಳಕ್ಕೆ ಕೃಷ್ಣೆಯ ನೀರು ಬಂದ ದಿನ ಡ್ರಮ್ ತುಂಬಿಟ್ಟು ಅದನ್ನೇ ಆರ್‌ಒಗೆ ಕೊಡಲು ಶುರು ಮಾಡಿದ ಮೇಲೆ ರೆಸಿನ್ ಎಷ್ಟೋ ಪಟ್ಟು ಜಾಸ್ತಿ ಬಾಳಿಕೆ ಬರುತ್ತಿದೆ. ಮೀಟರ್ ಸೊನ್ನೆಯಿಂದ ಒಂದಕ್ಕೆ ಬಂದ ತಕ್ಷಣ ರೆಸಿನ್ ಬದಲಿಸುತ್ತೇನೆ. ಐದಾಗಲಿ, ಹತ್ತಾಗಲಿ ಅಂತ ಕಾಯುವುದಿಲ್ಲ. ಆರ್‌ಒ ಹೊರಹಾಕುವ ಉಳಿಕೆ ನೀರು ಅಂಗಳ, ಬಚ್ಚಲು ತೊಳೆಯಲು ಹೋಗುತ್ತದೆ. ನಮ್ಮ ಊರಲ್ಲಿ ಅದನ್ನು ಸುಮ್ನೆ ಗಟಾರಿಗೆ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಬೆಳಗಾವಿ ಕಡೆಯ ಗೆಳೆಯರಿಗೆ ಗೋವಾ ಹತ್ತಿರ, ಸಮುದ್ರದ ನೀರನ್ನೇ ಕ್ಯಾನ್‌ನಲ್ಲಿ ತರುತ್ತಾರೆ. ಮಳೆಗಾಲದಲ್ಲಿ ಹೊಳೆ ನೀರು ಬೆರೆತು ಅದೂ ಕೆಡುತ್ತದೆ. ನಮಗಂತೂ ಪ್ಯಾಕೆಟ್ ಉಪ್ಪೇ ಗತಿ. ಉಪ್ಪಿನಂಶ 35 ಪಿಪಿಟಿಗೆ (ಸಾವಿರಕ್ಕೆ 35 ಪಾಲು) ಇಡುತ್ತೇನೆ. ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್ ಬಳಸುವವರು ಒಂದು ಗಮನಿಸಿ: ಅದರ ಮೇಲೆ ಎಟಿಸಿ (ಉಷ್ಣತೆಗೆ ತಾನೇ ಸರಿಹೊಂದುವುದು) ಅಂತ ಬರೆದಿದ್ದರೂ ಹೆಚ್ಚಿನವು ಸರಿಯಾಗಿ ತೋರಿಸುವುದು 10ರಿಂದ 30 ಡಿಗ್ರಿ ಒಳಗೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಮನೆಯೊಳಗೇ ಅದಕ್ಕಿಂತ ಜಾಸ್ತಿ. ಅದಕ್ಕೆ ನಾನು ಅಳೆಯುವುದು ಬೆಳಗಿನ ಜಾವ ಮಾತ್ರ, ಅದೂ ಉಪ್ಪಿನಂಶ 35 ಇರುವ ಅಳತೆಯ ದ್ರಾವಣದಿಂದ ಮೀಟರ್ ಸರಿಪಡಿಸಿಕೊಂಡು.

ನೀರು ಶುದ್ಧವಾದ ಮೇಲೆ ಉಳಿದದ್ದು ಊಟ. ಅವ್ವನಿಗೆ ಮೀನು ಗಾಜಿನ ಹತ್ತಿರ ಬಂದರೆ ಸಾಕು, "ಹಸದಾವ ನೋಡೋ ಪಾಪ" ಅಂತ ಒಂದು ಚಿಟಿಕೆ ಹಾಕುತ್ತಿದ್ದಳು. ಕ್ಲೌನ್ ಮೀನು ಹೊಟ್ಟೆ ತುಂಬಿದ್ದರೂ ಹಾಗೇ ಬರುತ್ತದೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಊಟ ಹಾಕುವ ಕೆಲಸ ಪೂರ್ತಿ ಅವಳಿಗೇ ಒಪ್ಪಿಸಿದೆ. ದಿನದ ಪಾಲನ್ನು ನಾನು ಬೆಳಿಗ್ಗೆ ಪುಟ್ಟ ಡಬ್ಬಿಯಲ್ಲಿ ಹಾಕಿಡುತ್ತೇನೆ, ಅದು ಮುಗಿದರೆ ಮುಗಿಯಿತು. ಈಗ ಜಗಳವಿಲ್ಲ. ಒಣ ಕಾಳಿನಲ್ಲಿ ಫಾಸ್ಫೇಟ್ ಜಾಸ್ತಿ ಇರುವುದರಿಂದ ವಾರದಲ್ಲಿ ಕೆಲವು ದಿನ ಫ್ರೀಜರಿನ ಸೀಗಡಿಮರಿ ಕೊಡುತ್ತೇವೆ. ಆರ್‌ಒ ನೀರಲ್ಲಿ ಕರಗಿಸಿ ಆ ನೀರು ಚೆಲ್ಲಿ ಬರೀ ತಿನಿಸು ಹಾಕುತ್ತೇವೆ.

ನೈಟ್ರೇಟ್, ಫಾಸ್ಫೇಟ್ ಹೊರಗೆ ಹಾಕುವುದಕ್ಕೆ ಎರಡು ದಾರಿ ಇಟ್ಟುಕೊಂಡಿದ್ದೇನೆ. ಒಂದು ಸ್ಕಿಮ್ಮರ್, ಗಾಳಿಗುಳ್ಳೆ ಬಿಟ್ಟು ನೀರಿನ ಹೊಲಸನ್ನು ನೊರೆಯಾಗಿ ಬಟ್ಟಲಿಗೆ ಎತ್ತುವ ಯಂತ್ರ. ಅದರ ಕುತ್ತಿಗೆ ಹೊಲಸಾದರೆ ನೊರೆ ಏರುವುದಿಲ್ಲ, ಹಾಗಾಗಿ ಬಟ್ಟಲು ತುಂಬದಿದ್ದರೂ ಒರೆಸುತ್ತೇನೆ. ಎರಡನೆಯದು ಸಂಪಿನಲ್ಲಿ ಬೆಳೆಯುವ ಕೀಟೋಮಾರ್ಫಾ ಪಾಚಿ, ಹಸಿರು ಪ್ಲಾಸ್ಟಿಕ್ ದಾರದ ಸಿಕ್ಕಿನಂತೆ ಕಾಣುತ್ತದೆ. ಅದರ ದೀಪ ರಾತ್ರಿ ಉರಿಯುತ್ತದೆ, ಮೇಲಿನ ದೀಪ ಆರಿದ ಮೇಲೆ. ರಾತ್ರಿ ಪಿಎಚ್ ಇಳಿಯುವುದು ಇದರಿಂದ ಕಡಿಮೆಯಾಗುತ್ತದೆ, ಹಗಲಿನ ಸೆಕೆಗೆ ಇನ್ನೊಂದು ದೀಪದ ಶಾಖ ಸೇರುವುದೂ ತಪ್ಪುತ್ತದೆ. ಪಾಚಿ ಕಿತ್ತು ತೆಗೆದಾಗಲೇ ನೈಟ್ರೇಟ್, ಫಾಸ್ಫೇಟ್ ಟ್ಯಾಂಕಿನಿಂದ ಹೊರಹೋದ ಹಾಗೆ. ಬೆಳೆದು ಗಟ್ಟಿಯಾಗಿ ಅಲ್ಲೇ ಒಳಭಾಗ ಕೊಳೆತರೆ ತಿಂದದ್ದನ್ನೆಲ್ಲ ವಾಪಸ್ ಬಿಡುತ್ತದೆ.

ವಿನೆಗರ್ ಅಥವಾ ವೋಡ್ಕಾ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ, ಅವು ನೈಟ್ರೇಟ್ ತಿಂದ ಮೇಲೆ ಸ್ಕಿಮ್ಮರ್‌ನಿಂದ ಹೊರತೆಗೆಯುವ ಪದ್ಧತಿ ಒಂದಿದೆ. ಒಳ್ಳೆಯ ಪದ್ಧತಿಯೇ, ಆದರೆ ನಾನು ಅದನ್ನು ಹಚ್ಚಿಕೊಂಡಿಲ್ಲ, ಕಾರಣ ಕರೆಂಟ್. ಆ ಬ್ಯಾಕ್ಟೀರಿಯಾ ಆಮ್ಲಜನಕ ಎಳೆಯುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ: ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದರೆ 30ರಲ್ಲಿ 6.2. ಅದರ ಮೇಲೆ ಬೇಸಿಗೆಯ ರಾತ್ರಿ ಕರೆಂಟ್ ಹೋಗಿ ಸ್ಕಿಮ್ಮರ್ ನಿಂತರೆ ಮೊದಲು ಸಾಯುವುದು ಮೀನು. ನನ್ನ ಇನ್ವರ್ಟರಿಗೆ ಒಂದು ಅಲೆ ಪಂಪು, ಫ್ಯಾನ್ ಎರಡನ್ನೇ ಕೊಟ್ಟಿದ್ದೇನೆ. ಬ್ಯಾಟರಿ ಉಳಿಯಬೇಕಲ್ಲ.

ಫಾಸ್ಫೇಟ್ ಮಾತ್ರ ಏರಿದಾಗ ಜಿಎಫ್‌ಒ ಬಳಸುತ್ತೇನೆ, ಫಾಸ್ಫೇಟ್ ಹೀರುವ ತುಕ್ಕಿನ ಬಣ್ಣದ ಕಬ್ಬಿಣದ ಕಾಳು. ಡಬ್ಬಿಯ ಮೇಲೆ ಬರೆದ ಅಳತೆಯ ಅರ್ಧಕ್ಕಿಂತ ಕಡಿಮೆ ಹಾಕಬೇಕು. 0.2 ಪಿಪಿಎಂ ಇದ್ದದ್ದನ್ನು ಒಂದೇ ದಿನದಲ್ಲಿ ಕೆಳಗೆ ದಬ್ಬಿದರೆ ಹವಳ ಮುದುಡುತ್ತದೆ. ಇನ್ನೊಂದು, ಇಳಿದ ಫಾಸ್ಫೇಟ್ ಕೆಲವು ದಿನದಲ್ಲಿ ಮತ್ತೆ ಏರಿದರೆ ಗಾಬರಿ ಬೇಡ. ಮರಳು, ಕಲ್ಲು ಹಿಡಿದಿಟ್ಟದ್ದನ್ನು ನಿಧಾನಕ್ಕೆ ಬಿಡುತ್ತಿವೆ ಅಂತ ಅರ್ಥ. ಅಳೆಯುವ ಮೀಟರ್ ರಂಜಕವನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಪಾಲು) ತೋರಿಸುವಂಥದ್ದಾದರೆ 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, ಆಗ ಫಾಸ್ಫೇಟ್ ಪಿಪಿಎಂ ಬರುತ್ತದೆ. 20 ತೋರಿಸಿದರೆ 0.06. ನೀರು ಪರೀಕ್ಷಿಸುವ ಕಿಟ್ಟಿನ ಪುಡಿ, ಹನಿಗಳನ್ನು ಸೆಕೆಯ ಕೋಣೆಯಲ್ಲಿ ಇಡಬೇಡಿ, ತಂಪಾದ ಕಪಾಟಿನಲ್ಲಿಡಿ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಚಳಿಗಾಲದಲ್ಲಿ ನೀರು ತೀರಾ ಸ್ವಚ್ಛವಾಯಿತು. ಆವಿ ಕಡಿಮೆ, ಊಟ ಅಳತೆಯದು, ಪಾಚಿ ಜೋರು. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಕೇಳಲು ಚೆನ್ನಾಗಿದೆ, ಆದರೆ ಮಶ್ರೂಮ್ ಬಿಳುಚಿ ಸಣ್ಣಗಾಯಿತು, ಮರಳಿನ ಮೇಲೆ ಗುಳ್ಳೆ ಹಿಡಿದ ಕಂದು ಸಿಂಬಳದಂಥ ಪದರ ಬಂತು. ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ. ಬೇರೆ ಪಾಚಿಗೆ ಉಣ್ಣಲು ಏನೂ ಇಲ್ಲದಾಗ ಇದಕ್ಕೆ ಜಾಗ ಸಿಗುತ್ತದೆ. ಹವಳದೊಳಗಿನ ಸೂಕ್ಷ್ಮ ಪಾಚಿಗೂ ಸಾರಜನಕ, ರಂಜಕ ಬೇಕು, ಅದು ಬದುಕಿದರೆ ಹವಳ ಬದುಕುತ್ತದೆ. ಅದಕ್ಕೆ ನನಗೆ ಬೇಕಾದದ್ದು ಸೊನ್ನೆ ಅಲ್ಲ. ಮೆತ್ತನೆ ಹವಳಕ್ಕೆ ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.05ರಿಂದ 0.1 ಇದ್ದರೆ ನೆಮ್ಮದಿ.

ಏರಿಸುವ ಸಾಮಾನು ನಮ್ಮ ಜಿಲ್ಲೆಯ ಯಾವ ದ್ರಾಕ್ಷಿ ಬೆಳೆಗಾರನಿಗೂ ಗೊತ್ತು. ತಿಕೋಟಾ ಕಡೆ ನಮ್ಮ ಕಾಕಾನ ತೋಟದಲ್ಲಿ ಡ್ರಿಪ್ಪಿಗೆ ಬಿಡುವ 13-0-45 ಅಂದರೆ ಪೊಟ್ಯಾಸಿಯಂ ನೈಟ್ರೇಟ್, 0-52-34 ಅಂದರೆ ಮೊನೊಪೊಟ್ಯಾಸಿಯಂ ಫಾಸ್ಫೇಟ್. "ಒಂದು ಚೀಲ ಒಯ್ಯಲೇ ತಮ್ಮಾ" ಅಂದ ಕಾಕಾ. ನನಗೆ ಬೇಕಾದದ್ದು ಒಂದು ಚಮಚ! ಗೊಬ್ಬರದ ಚೀಲದಲ್ಲಿ ಬೇರೆ ಲೋಹ ಏನಿದೆಯೋ ಅಂತ ಅದನ್ನು ಬಿಟ್ಟು ಲ್ಯಾಬ್ ಗ್ರೇಡ್‌ನದನ್ನೇ ತರಿಸಿದೆ. ಸೀಗಡಿಗೆ ತಾಮ್ರ ಒಂಚೂರೂ ಆಗದು. ಒಂದು ಗ್ರಾಂ ಪೊಟ್ಯಾಸಿಯಂ ನೈಟ್ರೇಟಿನಲ್ಲಿ 0.61 ಗ್ರಾಂ ನೈಟ್ರೇಟ್ ಇರುತ್ತದೆ, ನನ್ನ 250 ಲೀಟರಿಗೆ ಸುಮಾರು 2.4 ಪಿಪಿಎಂ. ಫಾಸ್ಫೇಟಿಗೆ ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿಟ್ಟೆ. ಅದರಲ್ಲಿ 3.6 ಮಿಲಿ ಹಾಕಿದರೆ 0.01 ಏರುತ್ತದೆ. ಔಷಧಿ ಅಂಗಡಿಯ ಸಿರಿಂಜಲ್ಲಿ ಅಳೆದು ದಿನಾ ಇಷ್ಟಿಷ್ಟೇ ಹಾಕಿದೆ, ಪಾಚಿ ದೀಪದ ಸಮಯ ಅರ್ಧ ಇಳಿಸಿದೆ. ಡೈನೋ ನಿಧಾನಕ್ಕೆ ಹಿಂದೆ ಸರಿಯಿತು, ಮಶ್ರೂಮ್ ಮತ್ತೆ ಅಗಲವಾಯಿತು.

ಕಿಟ್ಟಿಗಿಂತ ಮೊದಲು ಹವಳವೇ ಹೇಳುತ್ತದೆ. ಬಣ್ಣ ಮಾಸಿ ಕಂದಾದರೆ ನೈಟ್ರೇಟ್ ಜಾಸ್ತಿ ಇರಬಹುದು, ಬಿಳುಚಿದರೆ ಕಡಿಮೆ ಇರಬಹುದು, ಇಲ್ಲವೇ ಬೆಳಕು ಅಥವಾ ಸೆಕೆ ಜಾಸ್ತಿ. ಟೋಡ್‌ಸ್ಟೂಲ್ ಮಾತ್ರ ಮೋಸ ಮಾಡುತ್ತದೆ. ಅದು ಆಗಾಗ ಮುಚ್ಚಿಕೊಂಡು ಮೇಣದಂಥ ಪೊರೆ ಕಳಚುತ್ತದೆ, ಸತ್ತೇ ಹೋಯಿತು ಅನ್ನಿಸುತ್ತದೆ, ಕೆಲವು ದಿನದಲ್ಲಿ ಮತ್ತೆ ಅರಳುತ್ತದೆ. ಆಗ ನೀರಿಗೆ ಏನೂ ಸುರಿಯಬೇಡಿ. ಪೊರೆ ಹಾರಿಹೋಗುವಷ್ಟು ನೀರಿನ ಹರಿವು ಕೊಡಿ, ಅದು ಬಿಡುವ ರಾಸಾಯನಿಕ ಹೀರಲು ಸಂಪಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ.

ಜೋವಾಂತಿಡ್ ಮುಟ್ಟುವವರು ಕೈಗವಸು, ಕನ್ನಡಕ ಹಾಕಿಕೊಳ್ಳಲೇಬೇಕು. ಅದರಲ್ಲಿ ಪಾಲಿಟಾಕ್ಸಿನ್ ಅನ್ನುವ ಕಡು ವಿಷ ಇರಬಹುದು. ಅದು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲು ಯಾವತ್ತೂ ಕುದಿಸಬೇಡಿ, ಒಣಗಿಸಿ ಉಜ್ಜಬೇಡಿ. ಆವಿ ಮೂಗಿಗೆ ಹೋದರೆ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ.

ಮದುವೆ, ಜಾತ್ರೆ ಅಂತ ಎಲ್ಲರೂ ಊರು ಬಿಡುವಾಗ ನೀರು ತಾನೇ ತುಂಬುವ ಫ್ಲೋಟ್ ಸ್ವಿಚ್ಚಿಗೆ 20 ಲೀಟರಿನ ಕ್ಯಾನ್ ಮಾತ್ರ ಜೋಡಿಸುತ್ತೇನೆ, ದೊಡ್ಡ ಡ್ರಮ್ ಅಲ್ಲ. ಸ್ವಿಚ್ ಸಿಕ್ಕಿಹಾಕಿಕೊಂಡು ಕ್ಯಾನ್ ಪೂರ್ತಿ ಖಾಲಿಯಾದರೂ ಉಪ್ಪಿನಂಶ 35ರಿಂದ 32.4ಕ್ಕೆ ಇಳಿಯುತ್ತದೆ ಅಷ್ಟೇ, ಹವಳ ತಡೆದುಕೊಳ್ಳುತ್ತದೆ. ಸಂಪಿನಲ್ಲಿ ಆ 20 ಲೀಟರಿಗೆ ಖಾಲಿ ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ಕ್ಯಾನ್ ತುಂಬಲು ಆರ್‌ಒ ನೀರಿನ ಡ್ರಮ್ ತೋರಿಸಿ ಬರುತ್ತೇನೆ. ಮೀನಿನ ಊಟದ ಡಬ್ಬಿ ಮಾತ್ರ ಬೀರುವಿನೊಳಗೆ.