ಮುದಿ ಗಿನಿಪಿಗ್ ಮೇವು ಬಿಟ್ಟರೆ: ಚಿಕಿತ್ಸೆಯ ನಿರ್ಧಾರ ಹೇಗೆ?

ಗಿನಿಪಿಗ್ ಸಾಮಾನ್ಯವಾಗಿ ಬದುಕುವುದು 5ರಿಂದ 8 ವರ್ಷ. ಐದು ದಾಟಿದ ಪ್ರಾಣಿ ಮೇವು ಬಿಟ್ಟು ಮೂಲೆ ಹಿಡಿದರೆ ‘ವಯಸ್ಸಾಯಿತು, ನಾಳೆ ನೋಡೋಣ’ ಎನ್ನುವವರೇ ಹೆಚ್ಚು. ಇದರ ಕರುಳು ಹಗಲು ರಾತ್ರಿ ನಾರಿನ ಮೇವು ಬೇಡುತ್ತದೆ. 12 ತಾಸು ಏನೂ ತಿನ್ನದಿದ್ದರೆ ಕರುಳಿನ ಚಲನೆ ಕುಂದಿ ಗ್ಯಾಸ್ ತುಂಬತೊಡಗುತ್ತದೆ. ಇನ್ನೂ ತಡವಾದರೆ ಯಕೃತ್ತು ಕೆಡುತ್ತದೆ. ವಯಸ್ಸಿನ ಲೆಕ್ಕ ಬಿಟ್ಟು ಎರಡು ಪ್ರಶ್ನೆ ಕೇಳಿಕೊಳ್ಳಿ: ತಿನ್ನುತ್ತಿದೆಯೇ? ನೋವು ತಡೆಯಲು ಸಾಧ್ಯವೇ?

ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಆರೋಗ್ಯವಾಗಿದ್ದಾಗ ವಾರಕ್ಕೊಮ್ಮೆ, ಕಾಯಿಲೆಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. 900 ಗ್ರಾಂ ಇದ್ದದ್ದು 810ಕ್ಕೆ ಇಳಿದರೆ ಅಂದೇ ಡಾಕ್ಟರಿಗೆ ತೋರಿಸಬೇಕು. ಸೌತೆಕಾಯಿ ಬಾಯಿಗೆ ತಗೊಂಡು ಬೀಳಿಸಿದರೆ, ಗದ್ದ ಜೊಲ್ಲಿನಿಂದ ಒದ್ದೆಯಾಗಿದ್ದರೆ ದವಡೆ ಹಲ್ಲಿನ ಮೇಲೆ ಅನುಮಾನ. ಮೂತ್ರ ಮಾಡುವಾಗ ಚೀರಿದರೆ, ಹಾಸಿಗೆಯಲ್ಲಿ ರಕ್ತ ಕಂಡರೆ ಮೂತ್ರಕೋಶದ ಕಲ್ಲಿರಬಹುದು, ಎಕ್ಸ್‌ರೇ ಮಾಡಿಸಿ.

ಸಿರಿಂಜಿನಿಂದ ಉಣಿಸಿ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಹೊಟ್ಟೆ ಉಬ್ಬಿ ಬಿಗಿದಿದ್ದರೆ ಉಣಿಸಬೇಡಿ, ನೇರ ದವಾಖಾನೆಗೆ ಹೋಗಿ. ಇಲ್ಲದಿದ್ದರೆ ಟಿಮೊಥಿ ಹುಲ್ಲಿನ ಪೆಲೆಟ್‌ಗಳನ್ನು (ಒಣಹುಲ್ಲನ್ನು ಒತ್ತಿ ಮಾಡಿದ ಸಣ್ಣ ತುಂಡುಗಳು) ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ನುಣ್ಣಗೆ ಕಿವುಚಿ, ತೆಳು ಅಂಬಲಿಯ ಹದಕ್ಕೆ ತನ್ನಿ. 1 ಮಿ.ಲೀ. ಸಿರಿಂಜಿನ ಮೂತಿ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ. ಕತ್ತರಿಸದಿದ್ದರೆ ನಾರು ಕಟ್ಟಿಕೊಳ್ಳುತ್ತದೆ. ಪ್ರಾಣಿಯನ್ನು ಟವೆಲ್‌ನಲ್ಲಿ ಸುತ್ತಿ ನಾಲ್ಕೂ ಕಾಲಿನ ಮೇಲೆಯೇ ಕೂಡಿಸಿ. ಕೂಸಿನಂತೆ ಅಂಗಾತ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಂದಿನ ಹಲ್ಲಿನ ಹಿಂದಿರುವ ಖಾಲಿ ಜಾಗಕ್ಕೆ ಪಕ್ಕದಿಂದ ಸಿರಿಂಜ್ ತೂರಿಸಿ, ಒಮ್ಮೆಗೆ ಅರ್ಧ ಮಿ.ಲೀ. ಬಿಡಿ, ಜಗಿದು ನುಂಗಿದ್ದು ಕಂಡ ಮೇಲೆಯೇ ಮುಂದಿನದು. 1 ಕೆ.ಜಿ. ತೂಕಕ್ಕೆ ದಿನಕ್ಕೆ 50ರಿಂದ 60 ಮಿ.ಲೀ. ಬೇಕು. ಅದನ್ನು ಐದಾರು ಹೊತ್ತು ಹಂಚಿ, ರಾತ್ರಿಯೂ ಒಂದು ಹೊತ್ತು ಇರಲಿ. ರಾಗಿ ಗಂಜಿ, ಹಾಲು, ಕೂಸಿನ ಸೆರೆಲ್ಯಾಕ್ ಯಾವುದೂ ಬೇಡ. ಕರುಳಿಗೆ ಬೇಕಾದ್ದು ನಾರು, ಹಿಟ್ಟಲ್ಲ.

ಗಿನಿಪಿಗ್ ದೇಹ ವಿಟಮಿನ್ ಸಿ ತಯಾರಿಸುವುದಿಲ್ಲ. ಕಾಯಿಲೆಯಲ್ಲಿ ದಿನಕ್ಕೆ 30ರಿಂದ 50 ಮಿ.ಗ್ರಾಂ. ನೇರ ಬಾಯಿಗೆ ಹೋಗಬೇಕು. ನೀರಿಗೆ ಬೆರೆಸುವ ಹನಿಗಳಿಗೆ ದುಡ್ಡು ಸುರಿಯಬೇಡಿ, ನೀರಿನಲ್ಲಿ ಅದರ ಬಲ ಬೇಗ ಕುಂದುತ್ತದೆ. ಬಣ್ಣಬಣ್ಣದ ಕಾಳುಮಿಶ್ರಣದ ಪೊಟ್ಟಣವನ್ನೂ ಮನೆಗೆ ತರಬೇಡಿ. ಎಳೆ ಜೋಳದ ಬೆಳೆ ದನಕ್ಕೇ ವಿಷವಾಗುತ್ತದೆ ಎಂಬುದು ವಿಜಯಪುರ, ಬಾಗಲಕೋಟೆ ಭಾಗದ ರೈತರಿಗೆ ಗೊತ್ತು. ಗಿನಿಪಿಗ್‌ಗೂ ಅದು ಬೇಡ, ಕರಿಕೆ ಹಾಕಿ.

ಡಾಕ್ಟರನ್ನು ಆರಿಸಿ. ನಮ್ಮ ದನದ ದವಾಖಾನೆಗಳಿಗೆ ಬರುವುದು ಹೆಚ್ಚಾಗಿ ಎಮ್ಮೆ, ಆಕಳು, ಕುರಿ. ಆದ್ದರಿಂದ ಮೊದಲು ಫೋನಿನಲ್ಲೇ ಕೇಳಿ: ಮೊಲ, ಗಿನಿಪಿಗ್ ನೋಡುತ್ತೀರಾ, ಎಕ್ಸ್‌ರೇ ಇದೆಯೇ, ಅರಿವಳಿಕೆ ಗ್ಯಾಸ್ ಯಂತ್ರ ಇದೆಯೇ. ಯಾವ ಆ್ಯಂಟಿಬಯಾಟಿಕ್ ಎಂದೂ ಕೇಳಲೇಬೇಕು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಂಟುಮಾಡುವವು ಬೆಳೆಯುತ್ತವೆ. ರೋಗಕ್ಕಿಂತ ಮೊದಲು ಮದ್ದೇ ಕೊಲ್ಲುತ್ತದೆ. ಎನ್ರೊಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಇವಕ್ಕೆ ಸಾಮಾನ್ಯವಾಗಿ ಬಳಸುವ ಮದ್ದು. ನೋವಿಗೆ ಮೆಲಾಕ್ಸಿಕಾಮ್, ಅದೂ ಡಾಕ್ಟರ್ ತೂಕ ನೋಡಿ ಹೇಳಿದಷ್ಟೇ. ಮೆಡಿಕಲ್ ಅಂಗಡಿಯವರ ಸಲಹೆ ಇಲ್ಲಿ ಬೇಡ.

ಪುಣೆ, ಬೆಂಗಳೂರಿಗೆ ಒಯ್ಯಬೇಕೆಂದರೂ ಮೊದಲು ಊರಲ್ಲೇ ನೋವಿನ ಮದ್ದು, ಚರ್ಮದಡಿ ಸಲೈನ್ ಹಾಕಿಸಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ನಸುಕಿನಲ್ಲೇ ಹೊರಡಿ. 30 ಡಿಗ್ರಿ ದಾಟಿದ ಬಿಸಿಯೇ ಇದಕ್ಕೆ ಅಪಾಯ. ಬುಟ್ಟಿಯ ಒಂದು ಬದಿಗೆ ಬಟ್ಟೆ ಸುತ್ತಿದ ಐಸ್ ಬಾಟಲಿ, ಇನ್ನೊಂದು ಬದಿಗೆ ಹುಲ್ಲು, ಸೌತೆಕಾಯಿ ಇಡಿ. ಜೊತೆಗಾರ ಗಿನಿಪಿಗ್ ಇದ್ದರೆ ಜೊತೆಗೇ ಒಯ್ಯಿರಿ.

ಆಪರೇಷನ್ನೋ, ಆರೈಕೆಯೋ? ತೂಕ ನಿಂತಿದ್ದು, ಹೃದಯ, ಉಸಿರಾಟ ಸರಿಯಿದ್ದರೆ ಆರು ವರ್ಷದ ಗಿನಿಪಿಗ್‌ಗೂ ಕಲ್ಲಿನ ಆಪರೇಷನ್ ಯೋಚಿಸಬಹುದು. ಕಲ್ಲು ಮತ್ತೆ ಬರುವ ಸಾಧ್ಯತೆ ಇದೆಯೆಂದು ತಿಳಿದೇ ಒಪ್ಪಿಕೊಳ್ಳಿ. ದವಡೆ ಹಲ್ಲು ಬೆಳೆದಿದ್ದರೆ ಮುಂದಿನ ಹಲ್ಲನ್ನಷ್ಟೇ ಉಗುರು ಕಟರ್‌ನಿಂದ ಕತ್ತರಿಸಿ ಕಳಿಸುವವರಿಂದ ದೂರವಿರಿ. ಹಲ್ಲು ಸೀಳುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಗ್ಯಾಸ್ ಯಂತ್ರ ಇಲ್ಲದ ಕಡೆ ಮುದಿ ಪ್ರಾಣಿಗೆ ಆಪರೇಷನ್ ಮಾಡಿಸಬೇಡಿ. ‘ರಾತ್ರಿಯಿಂದ ಉಪವಾಸ ಇಡಿ’ ಎಂದರೆ ಮತ್ತೆ ವಿಚಾರಿಸಿ: ಗಿನಿಪಿಗ್ ವಾಂತಿ ಮಾಡುವುದಿಲ್ಲ, ದೀರ್ಘ ಉಪವಾಸ ಕರುಳನ್ನೇ ನಿಲ್ಲಿಸುತ್ತದೆ.

ನೋವಿನ ಮದ್ದು, ಸಿರಿಂಜ್ ಆಹಾರ ಎರಡೂ ಸರಿಯಾಗಿ ನಡೆದು ಐದು ದಿನವಾದರೂ ತೂಕ ಇಳಿಯುತ್ತಲೇ ಇದ್ದರೆ, ಮೈ ಮುದುಡಿ, ಹಲ್ಲು ಕಡಿಯುತ್ತ ಕೂತಿದ್ದರೆ, ದಯಾಮರಣದ ಮಾತನ್ನು ಡಾಕ್ಟರ ಮುಂದೆ ನೀವೇ ಎತ್ತಿ. ಮೊದಲು ಮಂಪರಿನ ಮದ್ದು ಕೊಡುತ್ತೀರಾ ಎಂದು ಸ್ಪಷ್ಟವಾಗಿ ಕೇಳಿ. ಎಚ್ಚರವಿರುವಾಗಲೇ ಹೃದಯಕ್ಕೆ ಚುಚ್ಚುವುದಕ್ಕೆ ಒಪ್ಪಬೇಡಿ.