ಪ್ರಾದೇಶಿಕ ಟಿವಿಯ ಹಳೆಯ ಪ್ರಸಾರವನ್ನು ಉಳಿಸುವುದು ಹೇಗೆ: ಕ್ಯಾಸೆಟ್ಟು, ಕಾಗದ, ನೆನಪು

ಪ್ರಾದೇಶಿಕ ಕೇಂದ್ರದ ನಾಟಕ, ಧಾರಾವಾಹಿಗಳ ಪ್ರತಿ ಕೇಂದ್ರದ ಉಗ್ರಾಣದಲ್ಲೇ ಇದ್ದರೂ ಇರಬಹುದು. ಅಲ್ಲಿ ಸಿಗದೇ ಹೋಗುವುದು ಅವುಗಳ ನಡುವೆ ಬಂದದ್ದು: ಮುಂದಿನ ಕಾರ್ಯಕ್ರಮ ಹೇಳುವ ಉದ್ಘೋಷಕಿ, ತೆರೆಯ ಮೇಲಿನ ಗಡಿಯಾರ, ಕೇಂದ್ರದ ಲಾಂಛನ, 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ಫಲಕ, ಸ್ಥಳೀಯ ಜಾಹೀರಾತು, ಹವಾಮಾನದ ನಕ್ಷೆ, ರಾತ್ರಿ ಪ್ರಸಾರ ಮುಗಿಸುವ ಘೋಷಣೆ. ಇವುಗಳಲ್ಲಿ ಹೆಚ್ಚಿನವು ನೇರವಾಗಿ ಗಾಳಿಗೆ ಹೋದವು, ಯಾರೂ ಟೇಪಿಗೆ ಹಾಕಲಿಲ್ಲ. ಸುದ್ದಿಯ ಟೇಪನ್ನೂ ಅಳಿಸಿ ಮತ್ತೆ ಬಳಸುತ್ತಿದ್ದರು, ಏಕೆಂದರೆ ಟೇಪು ದುಬಾರಿ. ಹೀಗಾಗಿ ಸಿನಿಮಾ ಹಿಡಿಯಲೆಂದು ರೆಕಾರ್ಡ್ ಗುಂಡಿಯನ್ನು ಎರಡು ನಿಮಿಷ ಮೊದಲೇ ಒತ್ತಿ, ನಿಲ್ಲಿಸಲು ಮರೆತ ವೀಕ್ಷಕರ ವಿಎಚ್‌ಎಸ್ ಕ್ಯಾಸೆಟ್ಟೇ ಎಷ್ಟೋ ಸಲ ಉಳಿದಿರುವ ಏಕೈಕ ಪ್ರತಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮರಿಯನ್ ಸ್ಟೋಕ್ಸ್ ಎಂಬಾಕೆ 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಮನೆಯಲ್ಲೇ ಸುದ್ದಿ ವಾಹಿನಿಗಳನ್ನು ರೆಕಾರ್ಡ್ ಮಾಡುತ್ತಲೇ ಇದ್ದರು. ಅವರು ಬಿಟ್ಟುಹೋದ ಸುಮಾರು 70,000 ಟೇಪುಗಳು ಇಂದು ಸಂಶೋಧಕರ ಆಕರ.

ಆದ್ದರಿಂದ ಮೊದಲ ನಿಯಮ: ಕ್ಯಾಸೆಟ್ಟನ್ನು ಶುರುವಿನಿಂದ ತುದಿಯವರೆಗೆ ಹಾಗೇ ಡಿಜಿಟಲ್‌ಗೆ ಇಳಿಸಿ. ಜಾಹೀರಾತು ಕತ್ತರಿಸಬೇಡಿ, ಮಧ್ಯದ ಚುಕ್ಕೆಚುಕ್ಕೆ ಗದ್ದಲವನ್ನೂ ತೆಗೆಯಬೇಡಿ. ಸಿನಿಮಾ ಬೇರೆ ಕಡೆ ಸಿಗುತ್ತದೆ, ಅದರ ಹಿಂದುಮುಂದಿನ ಹನ್ನೆರಡು ಸೆಕೆಂಡು ಸಿಗುವುದಿಲ್ಲ.

ಯಂತ್ರಕ್ಕೆ ಹಾಕುವ ಮುನ್ನ

ಕ್ಯಾಸೆಟ್ಟು ಕೈಗೆ ಬಂದ ಕೂಡಲೇ, ಅದರ ಮೇಲೆ ಮತ್ತೆ ರೆಕಾರ್ಡ್ ಆಗದಂತೆ, ಬೆನ್ನಿನಲ್ಲಿರುವ ಪ್ಲಾಸ್ಟಿಕ್ ತುಂಡನ್ನು ಮುರಿದುಹಾಕಿ. ಟಿವಿ ಕೇಂದ್ರಗಳು ಬಳಸುತ್ತಿದ್ದ ದೊಡ್ಡ ಕ್ಯಾಸೆಟ್ಟಾದ ಯು-ಮ್ಯಾಟಿಕ್‌ನಲ್ಲಿ ತಳಭಾಗದ ಕೆಂಪು ಗುಂಡಿ ತೆಗೆಯಬೇಕು. ಇದನ್ನು ಮಾಡದೆ ಯಂತ್ರದ ಹತ್ತಿರವೂ ಒಯ್ಯಬೇಡಿ. ಕೈತಪ್ಪಿ ಒತ್ತಿದ ಒಂದು ಗುಂಡಿ ಮೂವತ್ತು ವರ್ಷ ಉಳಿದದ್ದನ್ನು ಅಳಿಸಿಬಿಡುತ್ತದೆ. ಆಮೇಲೆ ಡಬ್ಬಿ, ಲೇಬಲ್, ಒಳಗಿನ ಚೀಟಿ ಎಲ್ಲದರ ಫೋಟೊ ತೆಗೆದು, ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ಕೊಡಿ. ಲೇಬಲ್ ಮೇಲಿನ ಬರಹ ತಪ್ಪೆಂದು ಕಂಡರೂ ತಿದ್ದಬೇಡಿ, ನಿಮ್ಮ ಟಿಪ್ಪಣಿಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿಡಿ.

ಕಿಟಕಿಯಂಥ ಪಾರದರ್ಶಕ ಭಾಗದಿಂದ ಒಳಗೆ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯೋ ಎಳೆಯೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಚೀಲದಲ್ಲಿ ಕಟ್ಟಿ ಬೇರೆ ಇಡಿ. ಒಂದು ಸಲ ಓಡಿಸಿದರೂ ಬೂಷ್ಟಿನ ಕಣ ಯಂತ್ರದೊಳಗೆ ಕೂತು ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಓಡಿಸುವಾಗ ಕಿರ್ರ್ ಎನ್ನುತ್ತ ನಿಂತುನಿಂತು ಸಾಗುವ ಟೇಪಿನಲ್ಲಿ ಕಾಂತೀಯ ಲೇಪವನ್ನು ಹಿಡಿದಿಡುವ ಅಂಟು ತೇವ ಹೀರಿ ಕರಗಿರುತ್ತದೆ. ಯು-ಮ್ಯಾಟಿಕ್‌ನಲ್ಲಿ ಇದು ಸಾಮಾನ್ಯ. ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಕೆಲಕಾಲ ಓಡುತ್ತದೆ. ಆದರೆ ಅದು ಅನುಭವಿ ಪ್ರಯೋಗಾಲಯದ ಕೆಲಸ, ಅಡುಗೆಮನೆಯ ಓವನ್ನಿನದಲ್ಲ. 16 ಎಂಎಂ ಸುದ್ದಿ ಫಿಲ್ಮಿನ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪಟ್ಟಿಯೇ ಕೊಳೆಯತೊಡಗಿದೆ ಎಂದರ್ಥ. ಅದನ್ನು ಪ್ರೊಜೆಕ್ಟರಿಗೆ ಹಾಕಲೇಬೇಡಿ, ಉಳಿದ ಫಿಲ್ಮುಗಳಿಂದ ದೂರವಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ.

ತಣ್ಣನೆಯ ಜಾಗದಿಂದ ತಂದ ಟೇಪು ಯಂತ್ರವಿರುವ ಕೋಣೆಯಲ್ಲಿ 24 ಗಂಟೆ ಇರಲಿ. ಸ್ಥಿತಿ ಚೆನ್ನಾಗಿದ್ದರೆ ಒಮ್ಮೆ ತುದಿಯವರೆಗೆ ಮುಂದಕ್ಕೂ ಹಿಂದಕ್ಕೂ ಸುತ್ತಿ, ಅದರಿಂದ ಸುರುಳಿಯ ಬಿಗಿ ಸಮವಾಗುತ್ತದೆ.

ವಿಸಿಆರ್ ಮತ್ತು ಕ್ಯಾಪ್ಚರ್

ಕೆಲಸದ ಗುಣಮಟ್ಟ ನಿರ್ಧಾರವಾಗುವುದು ಇಲ್ಲಿಯೇ. ಹೊಸ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯ ಯಂತ್ರ. ಸಾಧ್ಯವಾದರೆ ಬೆಳಕು, ಬಣ್ಣಗಳನ್ನು ಬೇರೆಯಾಗಿಯೇ ಕಳಿಸುವ ಎಸ್-ವಿಡಿಯೊ ಔಟ್‌ಪುಟ್ ಇರುವ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಡೆಕ್ ಹುಡುಕಿ. ವಿಎಚ್‌ಎಸ್‌ನಲ್ಲಿ ಬೆಳಕು ಮತ್ತು ಬಣ್ಣ ಬೇರೆಬೇರೆಯಾಗಿ ದಾಖಲಾಗಿರುತ್ತವೆ. ಹಳದಿ ತಂತಿಯ ಕಾಂಪೊಸಿಟ್‌ನಲ್ಲಿ ಅವೆರಡನ್ನೂ ಬೆರೆಸಿ ಮತ್ತೆ ಬೇರ್ಪಡಿಸಬೇಕಾಗುತ್ತದೆ, ಆಗ ಅಕ್ಷರಗಳ ಅಂಚಿನಲ್ಲಿ ಚುಕ್ಕೆಗಳು ತೆವಳುತ್ತವೆ. ಲಾಂಛನ, ಶೀರ್ಷಿಕೆಗಳೇ ನಮಗೆ ಮುಖ್ಯವಾದ್ದರಿಂದ ಇದು ಸಣ್ಣ ವಿಷಯವಲ್ಲ.

ಟೇಪನ್ನು ಓದುವ ಹೆಡ್ ಸ್ವಚ್ಛಗೊಳಿಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಶ್ಯಾಮಿ ಚರ್ಮ ಬೇಕು. ಯಂತ್ರದ ಪ್ಲಗ್ ಕಿತ್ತಿಟ್ಟು, ಚರ್ಮವನ್ನು ಹೆಡ್ ಇರುವ ಡ್ರಮ್ಮಿಗೆ ಅಲುಗದಂತೆ ಒತ್ತಿಹಿಡಿದು, ಡ್ರಮ್ಮನ್ನೇ ಇನ್ನೊಂದು ಕೈಯಿಂದ ನಿಧಾನ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ, ಇಲ್ಲವೇ ಹತ್ತಿ ಸುತ್ತಿದ ಕಡ್ಡಿ ಬಳಸಿದರೆ, ಹೆಡ್ಡಿನ ತುದಿ ಮುರಿಯುತ್ತದೆ.

ಟೇಪಿನಿಂದ ಬರುವ ಸಂಕೇತದ ಲಯ ಸ್ಥಿರವಾಗಿರುವುದಿಲ್ಲ. ಅದನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡಿಗೆ ನೇರವಾಗಿ ಕೊಟ್ಟರೆ ಅದು ಆಗಾಗ ಹಿಡಿತ ತಪ್ಪಿ ಫ್ರೇಮುಗಳನ್ನು ಬಿಟ್ಟುಬಿಡುತ್ತದೆ, ಧ್ವನಿ ಮಾತ್ರ ಓಡುತ್ತಲೇ ಇರುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿನ ಕೊನೆಗೆ ತುಟಿಗೂ ಮಾತಿಗೂ ತಾಳೆಯಾಗದಿರುವುದು ಇದರಿಂದಲೇ. ನಡುವೆ ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ, ಇಡಬೇಕು. ಡೆಕ್ಕಿನೊಳಗಿನ ಟಿಬಿಸಿ ಪ್ರತಿ ಗೆರೆಯ ಅಲುಗಾಟ ಸರಿಪಡಿಸುತ್ತದೆ, ಹೊರಗಿನ ಫ್ರೇಮ್ ಟಿಬಿಸಿ ಫ್ರೇಮು ಬಿಡದಂತೆ ನೋಡಿಕೊಳ್ಳುತ್ತದೆ. ಎರಡೂ ಇದ್ದರೆ ಉತ್ತಮ. ಕ್ಯಾಪ್ಚರ್ ಮುಗಿದ ಮೇಲೆ ಬಿಟ್ಟುಹೋದ ಫ್ರೇಮುಗಳ ಲೆಕ್ಕ ನೋಡಿ. ಸೊನ್ನೆಯಾಗದಿದ್ದರೆ ಮತ್ತೆ ಮಾಡಿ.

ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟೇಪಿಗೆ 720×576, ಸೆಕೆಂಡಿಗೆ 25 ಫ್ರೇಮ್; ಅಮೆರಿಕದ ಎನ್‌ಟಿಎಸ್‌ಸಿಗೆ 720×480, 29.97 ಫ್ರೇಮ್. ಬಣ್ಣ 4:2:2, ಧ್ವನಿ 48 ಕಿಲೊಹರ್ಟ್ಜ್. ಚಿತ್ರ ಇಂಟರ್ಲೇಸ್ ಆಗಿಯೇ, ಅಂದರೆ ಪ್ರತಿ ಫ್ರೇಮು ಗೆರೆ ಬಿಟ್ಟು ಗೆರೆಯ ಎರಡು ಫೀಲ್ಡುಗಳಾಗಿಯೇ, ಉಳಿಯಲಿ. ಡಿಇಂಟರ್ಲೇಸ್, ಹೊಳಪು ತಿದ್ದುವುದು, ಕೆಳಗಂಚಿನ ಅದುರುವ ಗೆರೆ ಕತ್ತರಿಸುವುದು ಇವೆಲ್ಲ ನೋಡುವ ಪ್ರತಿಯಲ್ಲಿ ಮಾತ್ರ. ಅಗ್ಗದ ಎಚ್‌ಡಿಎಂಐ ಪರಿವರ್ತಕ ಚಿತ್ರವನ್ನು ತಾನೇ ಹಿಗ್ಗಿಸಿ, ಎರಡು ಫೀಲ್ಡುಗಳನ್ನು ಕಲಸಿ, 4:3ನ್ನು 16:9ಕ್ಕೆ ಎಳೆದುಬಿಡುತ್ತದೆ. ಹಾಗೆ ಕಳೆದದ್ದು ಯಾವ ತಂತ್ರಾಂಶದಿಂದಲೂ ಮರಳಿ ಬರದು.

ಮೂಲ ಪ್ರತಿಗೆ ಎಫ್‌ಎಫ್‌ವಿ1 ಕೋಡೆಕ್ (ವಿಡಿಯೊ ಸಂಕುಚಿಸುವ ವಿಧಾನ), ಮ್ಯಾಟ್ರೋಸ್ಕಾ (ಎಂಕೆವಿ) ಕಡತ ಒಳ್ಳೆಯ ಆಯ್ಕೆ. ಎರಡೂ ಮುಕ್ತ, ಯಾವ ಕಂಪನಿಯ ಹಂಗೂ ಇಲ್ಲ, ಒಂದು ಬಿಂದುವೂ ನಷ್ಟವಾಗುವುದಿಲ್ಲ. ಸಂಕುಚಿಸದ 10-ಬಿಟ್ ಪಾಲ್ ವಿಡಿಯೊ ಗಂಟೆಗೆ ಸುಮಾರು 93 ಜಿಬಿ ತಿನ್ನುತ್ತದೆ, ಎಫ್‌ಎಫ್‌ವಿ1ರಲ್ಲಿ ಅದು ಸಾಮಾನ್ಯವಾಗಿ ಅರ್ಧಕ್ಕೂ ಕಡಿಮೆ. ಹಂಚಲು ಎಚ್.264ರ ಚಿಕ್ಕ ಪ್ರತಿ ಸಾಕು.

ಧ್ವನಿಯಲ್ಲಿ ಗುಂಯ್‌ಗುಟ್ಟುವಿಕೆ ಬಂದರೆ ಮೊದಲು ಟ್ರ್ಯಾಕಿಂಗ್ ಸರಿಮಾಡಿ. ಹೋಗದಿದ್ದರೆ ಹೈ-ಫೈ ಧ್ವನಿ ಬಿಟ್ಟು ಟೇಪಿನ ಅಂಚಿನ ಸಾಮಾನ್ಯ ಟ್ರ್ಯಾಕಿಗೆ ಬದಲಿಸಿ. ಅದರ ಗುಣ ಕಡಿಮೆ, ಆದರೆ ಮಾತು ಸ್ಪಷ್ಟವಾಗಿ ಸಿಗುತ್ತದೆ.

ಯಾವ ದಿನದ ಪ್ರಸಾರ?

ದಿನಾಂಕವಿಲ್ಲದ ತುಣುಕಿಗೆ ಬೆಲೆ ಅರ್ಧ. ಲೇಬಲ್ಲನ್ನು ಕಣ್ಣುಮುಚ್ಚಿ ನಂಬಬೇಡಿ, ಕ್ಯಾಸೆಟ್ಟು ಎಷ್ಟು ಸಲ ಮರುಬಳಕೆಯಾಗಿದೆಯೋ ಏನೋ. ಸುದ್ದಿಯ ಒಂದು ತಲೆಬರಹ, ಹವಾಮಾನ ನಕ್ಷೆಯ ವಾರ, ಲಾಂಛನದ ವಿನ್ಯಾಸ, ಜಾಹೀರಾತಿನ ಕೊಡುಗೆಯ ಕೊನೆಯ ದಿನ ಇವನ್ನು ಗುರುತುಹಾಕಿಕೊಂಡು, ಗ್ರಂಥಾಲಯದಲ್ಲಿ ಆ ಕಾಲದ ದಿನಪತ್ರಿಕೆಯ ಟಿವಿ ಕಾರ್ಯಕ್ರಮ ಪಟ್ಟಿಯೊಂದಿಗೆ ತಾಳೆ ನೋಡಿ. ಎರಡು ಸ್ವತಂತ್ರ ಸುಳಿವು ಒಂದೇ ದಿನ ತೋರಿಸುವವರೆಗೆ ಅದನ್ನು ಊಹೆ ಎಂದೇ ಬರೆದಿಡಿ.

ಟೆಲಿಟೆಕ್ಸ್ಟ್, ಅಂದರೆ ಟಿವಿ ಸಂಕೇತದ ಜೊತೆಗೇ ಬರುತ್ತಿದ್ದ ಅಕ್ಷರಪುಟಗಳು, ಇದ್ದ ಕೇಂದ್ರವಾದರೆ ಇನ್ನೊಂದು ಅಮೂಲ್ಯ ದಾರಿಯಿದೆ. ಟೆಲಿಟೆಕ್ಸ್ಟ್ ಚಿತ್ರ ಶುರುವಾಗುವ ಮೊದಲಿನ, ತೆರೆಯಲ್ಲಿ ಕಾಣದ ಗೆರೆಗಳಲ್ಲಿ ಸಾಗುತ್ತಿತ್ತು, ಪುಟದ ತಲೆಯಲ್ಲೇ ದಿನಾಂಕ, ಗಂಟೆ ಇರುತ್ತಿತ್ತು. ವಿಎಚ್‌ಎಸ್‌ನ ಕಿರಿದಾದ ಬ್ಯಾಂಡ್‌ನಲ್ಲಿ ಅದು ಮಸುಕಾಗಿ ಉಳಿದಿರುತ್ತದೆ, ಟಿವಿಗೆ ಓದಲಾಗದು. ಆದರೆ ಒಂದೇ ಪುಟ ಮತ್ತೆಮತ್ತೆ ಪ್ರಸಾರವಾಗುತ್ತಿದ್ದುದರಿಂದ, ಹಲವು ಮಸುಕು ಪ್ರತಿಗಳನ್ನು ಹೋಲಿಸಿ ಪುಟವನ್ನು ಮತ್ತೆ ಕಟ್ಟುವ ತಂತ್ರಾಂಶಗಳಿವೆ. ಸಾಮಾನ್ಯ 720×576 ಕ್ಯಾಪ್ಚರ್‌ನಲ್ಲಿ ಈ ಗೆರೆಗಳು ಬರುವುದೇ ಇಲ್ಲ. ಅವೂ ಬೇಕೆಂದರೆ ಹೆಡ್ಡಿನ ಸಂಕೇತವನ್ನೇ ನೇರವಾಗಿ ಹಿಡಿದು ವಿಎಚ್‌ಎಸ್-ಡಿಕೋಡ್‌ನಂಥ ತಂತ್ರಾಂಶದಲ್ಲಿ ಬಿಡಿಸುವುದು ಒಂದು ದಾರಿ. ಇದಕ್ಕೆ ವಿಸಿಆರ್ ಬಿಚ್ಚಿ ತಂತಿ ಬೆಸೆಯುವ ಕೈಚಳಕ ಬೇಕು.

ಕಡತದ ಹೆಸರು ವರ್ಷ-ತಿಂಗಳು-ದಿನದಿಂದ ಶುರುವಾಗಲಿ, ಆಮೇಲೆ ಕೇಂದ್ರ, ಕ್ಯಾಸೆಟ್ ಸಂಖ್ಯೆ. ಜೊತೆಗೊಂದು ಪಟ್ಟಿಯಲ್ಲಿ ಯಾವ ನಿಮಿಷಕ್ಕೆ ಏನು ಬರುತ್ತದೆ ಎಂದು ಬರೆಯಿರಿ.

ಕೆಲಸ ಮಾಡಿದವರ ನೆನಪು

ಕ್ಯಾಮೆರಾ ಮುಂದಿದ್ದವರನ್ನು ಎಲ್ಲರೂ ಮಾತಾಡಿಸುತ್ತಾರೆ. ಟ್ರಾನ್ಸ್‌ಮಿಟರ್ ಎಂಜಿನಿಯರ್, ಫಿಲ್ಮ್ ಸಂಕಲನಕಾರ, ಫಲಕದ ಅಕ್ಷರ ಬರೆದ ಕಲಾವಿದ, ಟೇಪು ಅಳಿಸುತ್ತಿದ್ದ ಗುಮಾಸ್ತರನ್ನು ಮೊದಲು ಹುಡುಕಿ. ಡಿಜಿಟಲ್ ಮಾಡಿದ ತುಣುಕೊಂದನ್ನು ಅವರಿಗೆ ತೋರಿಸಿ. 'ಆ ದಿನಗಳು ಹೇಗಿದ್ದವು' ಎಂದು ಕೇಳಿದಾಗ ಬಾರದ ವಿವರ ಚಿತ್ರ ಕಂಡೊಡನೆ ಬರುತ್ತದೆ. ಕೆಲಸದ ಬಗ್ಗೆಯೇ ಕೇಳಿ: ಫಿಲ್ಮು ತೊಳೆಯಲು ಎಷ್ಟು ಹೊತ್ತು, ಬುಲೆಟಿನ್ ನಡುವೆ ಟೇಪು ಸಿಕ್ಕಿಕೊಂಡರೆ ಏನು ಮಾಡುತ್ತಿದ್ದಿರಿ, ಯಾವ ಟೇಪು ಇಡಬೇಕೆಂದು ಯಾರು ತೀರ್ಮಾನಿಸುತ್ತಿದ್ದರು. ಫ್ಯಾನು ನಿಲ್ಲಿಸಿ, ಬಾಯಿಯಿಂದ ಒಂದು ಗೇಣಿನಷ್ಟು ದೂರದಲ್ಲಿ ಮೈಕ್ ಇಟ್ಟು, 24-ಬಿಟ್ ವೇವ್ ಕಡತದಲ್ಲಿ ದಾಖಲಿಸಿ. ಧ್ವನಿ ಎಲ್ಲಿ ಇಡಲಾಗುತ್ತದೆ, ಯಾರು ಕೇಳಬಹುದು ಎಂಬ ಒಪ್ಪಿಗೆ ಪತ್ರಕ್ಕೆ ಅಂದೇ ಸಹಿ ಪಡೆಯಿರಿ. ಅವರ ಮನೆಯಲ್ಲಿ ಕಾರ್ಯಕ್ರಮ ಸೂಚಿ, ಸುದ್ದಿಯ ಹಸ್ತಪ್ರತಿ, ಜಾಹೀರಾತು ದರಪಟ್ಟಿ ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ. ಮಾತಿನಲ್ಲಿ ಇಸವಿ ಹಿಂದುಮುಂದಾಗುವುದು ಸಹಜ, ಈ ಕಾಗದಗಳೇ ಅದನ್ನು ಸರಿಪಡಿಸುತ್ತವೆ.

ಕಾಪಿಡುವುದು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಕಟ್ಟಡದಲ್ಲಿ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ (ಕಡತ ಬದಲಾದರೆ ತೋರಿಸಿಕೊಡುವ ಗುರುತು) ತೆಗೆದಿಟ್ಟು ವರ್ಷಕ್ಕೊಮ್ಮೆ ಪರೀಕ್ಷಿಸಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಡಿವಿಡಿಯನ್ನು ನಂಬಬೇಡಿ, ಅದರ ಬಣ್ಣದ ಪದರ ಮಾಸುತ್ತದೆ. ಕಾಪಿಡುವುದು ಬೇರೆ, ಪ್ರಕಟಿಸುವುದು ಬೇರೆ: ಹಕ್ಕು ಪ್ರಸಾರಕರದು, ಸಂಗೀತಕ್ಕೂ ಜಾಹೀರಾತಿಗೂ ಬೇರೆಯೇ ಒಡೆಯರಿರಬಹುದು. ಸಾರ್ವಜನಿಕವಾಗಿ ಹಾಕುವ ಮೊದಲು ಕೇಂದ್ರಕ್ಕೆ ಬರೆದು ಕೇಳಿ. ಒಂದು ಪ್ರತಿ ಅವರಿಗೂ ಕೊಡುವುದಾಗಿ ಹೇಳಿದರೆ ಮಾತುಕತೆ ಸುಲಭವಾಗುತ್ತದೆ, ಎಷ್ಟೋ ಸಲ ಅದು ಅವರ ಬಳಿಯೂ ಇರುವುದಿಲ್ಲ.

ಡಿಜಿಟಲ್ ಆಯಿತೆಂದು ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, 18ರಿಂದ 20 ಡಿಗ್ರಿ ಸೆಲ್ಸಿಯಸ್, 30ರಿಂದ 40 ಶೇಕಡಾ ತೇವಾಂಶದಲ್ಲಿ, ಸ್ಪೀಕರ್ ಮತ್ತು ಮೋಟಾರುಗಳಿಂದ ದೂರವಿಡಿ. ಇಂದಿನ ಕ್ಯಾಪ್ಚರ್‌ನಲ್ಲಿ ಬಾರದ ಟೆಲಿಟೆಕ್ಸ್ಟ್ ಗೆರೆಗಳು ಇನ್ನೂ ಆ ಟೇಪಿನಲ್ಲೇ ಇವೆ.